ಮಂಚದ ಕೆಳಗಿನ ಹೂಬುಟ್ಟಿ

ಮಸ್ಕಿಯ ಬಸ್ ನಿಲ್ದಾಣದ ಎದುರು, ಬೇವಿನ ಮರದ ಕೆಳಗೆ ಅಂಗಡಿ ಇಟ್ಟುಕೊಂಡಿರುವ ಹೂಗಾರ ಸಂಗನಬಸವನ ಬಗ್ಗೆ ಊರಿನಲ್ಲಿ ಎರಡು ಮಾತಿದೆ. ಒಂದು, ಅವನ ಹೂವು ಬಾಡುವುದಿಲ್ಲ. ಇನ್ನೊಂದು, ಅವನ ಮುಖ ಅರಳುವುದಿಲ್ಲ. ಎರಡೂ ಪೂರ್ತಿ ನಿಜವಲ್ಲ. ಹೂವು ಅಂದಮೇಲೆ ಬಾಡಲೇಬೇಕು, ಅದಕ್ಕೆ ಯಾರೂ ಏನೂ ಮಾಡಲಾಗದು. ಮುಖದ ಮಾತಿಗೆ ಬಂದರೆ, ಹೆಂಡತಿ ಇರುವತನಕ ಅವನೂ ದಿನಕ್ಕೊಮ್ಮೆ ನಗುತ್ತಿದ್ದ. ಈಗ ನಗುವುದನ್ನು ಯಾರೂ ಕಂಡಿಲ್ಲ.

ಹೂವು ಆರಿಸುವುದನ್ನು ಅವನಿಗೆ ಕಲಿಸಿದವನು ಅಪ್ಪ ಪಂಪಾಪತಿ. ಬುಟ್ಟಿಯ ಮೇಲಿನ ಹೂವು ನೋಡಿ ಮರುಳಾಗಬೇಡ, ಕೈಯನ್ನು ತಳದವರೆಗೆ ಇಳಿಸು. ತಳ ಬೆಚ್ಚಗಿದ್ದರೆ ಅದು ನಿನ್ನೆ ತುಂಬಿದ ಬುಟ್ಟಿ. ಸೇವಂತಿಯ ಮುಖ ನೋಡಬೇಡ, ಬೆನ್ನು ನೋಡು. ಬೆನ್ನಿನ ಹಸಿರು ಕಂದಿದ್ದರೆ ಮುಂದಿನ ಬಣ್ಣವೆಲ್ಲ ಬರೀ ವೇಷ. ಗುಲಾಬಿಯ ಬುಡವನ್ನು ಎರಡು ಬೆರಳಲ್ಲಿ ಒತ್ತು, ಮೆತ್ತಗಾಗಿದ್ದರೆ ಬಿಟ್ಟು ಎದ್ದು ಬಾ. ಚೆಂಡುಹೂವಿನ ತೊಟ್ಟು ಮೂಸು. ಮಲ್ಲಿಗೆ ಕೊಳ್ಳುವಾಗ ಮಾತ್ರ ಮೊದಲು ಕೇಳಿಕೋ, ಯಾವ ಹೊತ್ತಿಗೆ ಬೇಕಾದದ್ದು ಅಂತ. ಬೆಳಿಗ್ಗೆ ಕಿತ್ತ ಮೊಗ್ಗು ದೀಪ ಹಚ್ಚುವ ಹೊತ್ತಿಗೇ ಅರಳುವುದು, ಯಾರಪ್ಪನ ಮಾತಿಗೂ ಮುಂಚೆ ಅರಳುವುದಿಲ್ಲ. ಹಗಲಿನ ಕಾರ್ಯಕ್ಕೆ ಹಿಂದಿನ ಸಂಜೆ ಅರಳಿದ್ದನ್ನೇ ಕೊಡಬೇಕು. ಈ ಕೊನೆಯ ಮಾತನ್ನು ಓದುಗರು ಜರಾ ನೆನಪಿಟ್ಟುಕೊಳ್ಳಬೇಕು. ಸಂಗನಬಸವ ಒಂದು ದಿನ ಅದನ್ನು ಮರೆತ.

ಆರಿಸಿದರೆ ಅರ್ಧ ಕೆಲಸವಾಯಿತು, ಉಳಿಸುವುದು ಇನ್ನರ್ಧ. ಬೇಸಿಗೆಯಲ್ಲಿ ಮಸ್ಕಿಯ ಗುಡ್ಡ ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಊರಿನ ಕಡೆ ಝಳ ಹೊಡೆಯುತ್ತಿರುತ್ತದೆ. ಆ ಝಳದಲ್ಲಿ ಮನುಷ್ಯರೇ ಕಂದುತ್ತಾರೆ, ಹೂವಿನ ಪಾಡೇನು? ಮಲ್ಲಿಗೆಗೆ ನೀರು ಚಿಮುಕಿಸಬಾರದು, ಕೆಂಪಾಗುತ್ತದೆ. ಚೆನ್ನಾಗಿ ಹಿಂಡಿದ ಒದ್ದೆ ಅರಿವೆಯಲ್ಲಿ ಸುತ್ತಿ, ಬಾಳೆ ಎಲೆ ಮುಚ್ಚಿ, ಗಾಳಿಯಾಡದ ತಂಪು ಮೂಲೆಯಲ್ಲಿಡಬೇಕು. ಗುಲಾಬಿಯ ದಂಟನ್ನು ಓರೆಯಾಗಿ ಕತ್ತರಿಸಿ ಬಕೆಟ್ಟಿನಲ್ಲಿ ಕುತ್ತಿಗೆಮಟ್ಟ ನಿಲ್ಲಿಸಬೇಕು, ನೀರಿನಲ್ಲಿ ಮುಳುಗುವ ಎಲೆಯನ್ನೆಲ್ಲ ಕಿತ್ತುಹಾಕಬೇಕು. ಹಣ್ಣಿನ ಬಾಜೂಕ ಹೂವು ಇಡಲೇಬಾರದು. ಮಾವಿನ ಕಾವಿಗೆ ಹೂವಿಗೆ ಬೇಗ ಮುಪ್ಪು ಬರುತ್ತದೆ. ಮಾವಿನ ಬಂಡಿಯವನು ಬೇವಿನ ನೆರಳಿಗೆ ಬಂದು ನಿಂತರೆ ಸಂಗನಬಸವ ಅವನ ಜೊತೆ ಪ್ರತಿವರ್ಷ ಜಗಳ ತೆಗೆಯುತ್ತಿದ್ದ. ಪಕ್ಕದಲ್ಲಿ ಕುಳಿತು ಮದುಮಕ್ಕಳ ಮುಖದ ಮುಂದೆ ಇಳಿಬಿಡುವ ಹೂವಿನ ಸೆಹರಾ ಕಟ್ಟುವ ಬಿಬಿಜಾನ್ ಅವನ ಪರವಾಗಿ ಬಾಯಿ ಮಾಡುತ್ತಿದ್ದಳು. ಇಬ್ಬರೂ ಸೇರಿದರೆ ಎದುರು ನಿಲ್ಲುವ ಗಂಡು ಮಸ್ಕಿಯಲ್ಲಿರಲಿಲ್ಲ.

ಇಷ್ಟೆಲ್ಲ ಬಲ್ಲ ಸಂಗನಬಸವನಿಗೆ ಹೂವು ಕಟ್ಟಲು ಬರುತ್ತಿರಲಿಲ್ಲ. ಅವರ ಮನೆತನದಲ್ಲಿ ಗಂಡಸರು ಆರಿಸಿ ತರುವುದು, ಹೆಂಗಸರು ಕಟ್ಟುವುದು. ಸತ್ತವರನ್ನು ಕೂಡಿಸಿ ಒಯ್ಯುವ ವಿಮಾನಕ್ಕೆ ಬಿದಿರು ಕಟ್ಟಿ ಹೂವು ಹೊದಿಸುವುದು ಮಾತ್ರ ಗಂಡಸರ ಕೆಲಸ. ಹೆಂಡತಿ ಶಿವಗಂಗಾ, ಮನೆಯಲ್ಲಿ ಎಲ್ಲರ ಬಾಯಲ್ಲಿ ಗಂಗವ್ವ, ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಕುಳಿತಳೆಂದರೆ ಕಣ್ಣು ಬೇರೆ ಕಡೆ, ಮಾತು ಬೇರೆ ಕಡೆ, ಕೈ ಮಾತ್ರ ಹೂವಿನ ಮೇಲೆ. ಅವಳು ಕಟ್ಟಿದ ಮಾಲೆಯಿಂದ ಒಂದು ಹೂವು ಉದುರಿದ್ದನ್ನು ಕಂಡವರಿಲ್ಲ.

ಹೂವಿನವರಲ್ಲಿ ಒಂದು ರಿವಾಜು ಉಂಟು. ಅದನ್ನು ಹೊರಗಿನವರ ಮುಂದೆ ಹೇಳುವುದಿಲ್ಲ, ಆದರೆ ನಾನೇಕೆ ಮುಚ್ಚಿಡಲಿ? ಮೊದಲ ಹೂವು ದೇವರಿಗೆ, ನಂತರದ್ದು ಹೆಂಗಸರ ತುರುಬಿಗೆ, ಮಾರದೆ ಉಳಿದದ್ದು ಹೆಣಕ್ಕೆ. ದೇವರು ಮುನಿದಾನು, ಹೆಂಗಸರು ಮುಖದ ಮೇಲೆ ಎಸೆದಾರು, ಹೆಣ ಏನನ್ನುತ್ತದೆ? ಅಳುತ್ತ ಬಂದವನು ಸೇವಂತಿಯ ಬೆನ್ನು ತಿರುಗಿಸಿ ನೋಡುವುದಿಲ್ಲ. ಮೂರು ದಿನದ ಹಳೆಯ ಹೂವಿನ ಹೊರ ಎಸಳು ಕಿತ್ತು, ತಣ್ಣೀರಲ್ಲಿ ಅದ್ದಿ ಜಾಡಿಸಿ, ಮೇಲೆ ನಾಲ್ಕು ಹನಿ ಪನ್ನೀರು ಹೊಡೆದರೆ ಮಣ್ಣಿಗೆ ಹೋಗುವವರೆಗೆ ತಾಳುತ್ತದೆ. ಅಪ್ಪ ಹಾಗೆ ಮಾಡುತ್ತಿದ್ದ, ಮಗನೂ ಮಾಡಿದ, ಇದರಲ್ಲಿ ತಪ್ಪಿದೆ ಎಂದು ಇಬ್ಬರಿಗೂ ಎಂದೂ ಅನ್ನಿಸಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆಯುತ್ತಲೇ ಗಂಗವ್ವ ಹಾಸಿಗೆ ಹಿಡಿದಳು. ಹೊಟ್ಟೆಯೊಳಗೆ ಗಂಟು. ದೊಡ್ಡ ದವಾಖಾನೆಯವರು ತೆರೆದು ನೋಡಿ ಹಾಗೇ ಹೊಲಿದು, ಮನೆಗೆ ಕರೆದುಕೊಂಡು ಹೋಗಿ, ಬೇಕೆಂದದ್ದು ಕೊಡಿ ಅಂದರು. ಬೇಕೆಂದದ್ದು ಕೊಡಿ ಅನ್ನುವ ಮಾತಿಗೆ ಒಂದೇ ಅರ್ಥ. ಲಿಂಗಸುಗೂರಿಗೆ ಕೊಟ್ಟ ಮಗಳು ಅಶ್ವಿನಿ ಬಟ್ಟೆಯ ಚೀಲ ಹಿಡಿದು ಬಂದು ತಾಯಿಯ ತಲೆದೆಸೆಯಲ್ಲಿ ಕುಳಿತಳು.

ಒಂದು ಮಧ್ಯಾಹ್ನ ಅಶ್ವಿನಿ ನೀರು ತರಲು ಹೋದಾಗ ಗಂಗವ್ವ ಗಂಡನನ್ನು ಹತ್ತಿರ ಕರೆದಳು.

"ಒಂದ ಮಾತ ಕೇಳ್ತೀನಿ, ನಡಸಿ ಕೊಡ್ತೀರೇನ್ರಿ?"

"ಏನ್ ಬೇಕ ಹೇಳು ಗಂಗವ್ವ. ಹಣ್ಣು ತರಲೇನು?"

"ಹಣ್ಣ ಯಾರಿಗೆ ಬೇಕಾಗ್ಯಾದ? ನಾ ಹೋದಾಗ ನನ್ನ ಮೈಮ್ಯಾಲ ಹೊಸಾ ಹೂವ ಹಾಕ್ರಿ. ಉಳಿದದ್ದು ಹಾಕಬ್ಯಾಡ್ರಿ."

ಸಂಗನಬಸವ ಬೈದ. ಅಂಥ ಮಾತು ಆಡಬಾರದು ಅಂದ. ಅವಳು ಬೈಗುಳವನ್ನು ಕೇಳಿಸಿಕೊಂಡು, ಅವನು ಸುಮ್ಮನಾದ ಮೇಲೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ನಮ್ಮವ್ವ ಹೋದಾಗ ನೀವ್ ಹಾಕಿದ್ದು ಹಳೀ ಹೂವ. ಪನ್ನೀರ ಹೊಡದಿದ್ರಿ. ಹೊಸಾ ಮಲ್ಲಿಗಿಗೆ ಪನ್ನೀರ ಯಾಕ ಬೇಕ್ರಿ? ಅವ್ವನ ಕೊರಳ ತಬ್ಬಿ ಅಳಾಕತ್ತಿದ್ದೆ, ಮೂಗಿಗೆ ಬಡೀತು. ಪನ್ನೀರಿನ ಕೆಳಗ ಕೊಳತ ವಾಸನಿ."

ಗಂಗವ್ವನ ತಾಯಿ ವೀರಭದ್ರಮ್ಮ ಈ ಮನೆಯಲ್ಲೇ ಸತ್ತಿದ್ದಳು, ಅಶ್ವಿನಿ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಆ ದಿನ ವಳಕಮದಿನ್ನಿಯಲ್ಲಿ ಕಾಲುವೆ ನೀರಿಗೆ ಭತ್ತ ಬೆಳೆಯುವ ಸಿರಿವಂತರ ಮನೆ ಮದುವೆ. ಹಂದರಕ್ಕೆಂದು ತಂದ ಹೊಸ ಹೂವನ್ನು ಪೂರ್ತಿ ಅಲ್ಲಿಗೆ ಕಳಿಸಿ, ಅತ್ತೆಗೆ ಮೂಲೆಯಲ್ಲಿ ಉಳಿದದ್ದನ್ನು ಹೊದಿಸಿದ್ದ. ಅದೇನು ದ್ವೇಷವಲ್ಲ, ಜಿಪುಣತನವೂ ಅಲ್ಲ, ರಿವಾಜು ಅಷ್ಟೆ. ಅತ್ತೆ ಅವನಿಗೆ ತುತ್ತು ಕಲಿಸಿ ಹಾಕಿದವಳು. ಇಷ್ಟು ವರ್ಷ ಈ ಹೆಂಗಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ತನಗೆ ರೊಟ್ಟಿ ಬಡಿದು ಹಾಕಿದಳಲ್ಲ ಎಂದು ಅವನಿಗೆ ಆಗ ಹೊಳೆಯಿತು. ಅವಳ ಕೈಯ ಮೇಲೆ ಕೈಯಿಟ್ಟು, "ಆಗಲಿ," ಅಂದ.

ಮರುದಿನದಿಂದ ಸಂಗನಬಸವ ಬೆಳಗಿನ ಮೊದಲ ಬಸ್ಸಿಗೆ ಸಿಂಧನೂರಿಗೆ ಹೋಗಿ ಆರಿಸಿದ ಮಲ್ಲಿಗೆ ಮೊಗ್ಗು, ಬಿಗಿ ಸೇವಂತಿ ತರತೊಡಗಿದ. ಅಂಗಡಿಗೆ ಬೇರೆ, ಇದು ಬೇರೆ. ಇದನ್ನು ಇಡಲು ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದು ಎಂದು ಹುಡುಕಿದ. ಅದು ಗಂಗವ್ವನ ಮಂಚದ ಕೆಳಗಿತ್ತು. ಹೂಗಾರನ ಬುದ್ಧಿ ತಂಪು ನೋಡಿತು, ಮೇಲೆ ಯಾರು ಮಲಗಿದ್ದಾರೆ ಎಂದು ನೋಡಲಿಲ್ಲ. ಒದ್ದೆ ಅರಿವೆ ಸುತ್ತಿದ ಬುಟ್ಟಿಯನ್ನು ಸದ್ದಾಗದಂತೆ ಅಲ್ಲಿಗೆ ತಳ್ಳಿದ.

ಸಂಜೆ ದೀಪ ಹಚ್ಚುತ್ತಲೇ ಮೊಗ್ಗು ಅರಳಿ ಮನೆಯೆಲ್ಲ ಘಮ್ಮೆಂದಿತು. ಗಂಗವ್ವ ಕಣ್ಣು ಬಿಟ್ಟು ಮೂಗು ಅರಳಿಸಿದಳು.

"ನನ್ನ ಹೂವೇನ್ರಿ?"

ಅವನು ತಲೆ ತಗ್ಗಿಸಿದ. ಅವಳು ನಕ್ಕಳು. ಹೊಟ್ಟೆ ನೋಯುತ್ತಿದ್ದರೂ ನಕ್ಕಳು.

"ಇವತ್ತ ಹೋಗೂದಿಲ್ಲ ಬಿಡ್ರಿ. ಸುಮ್ಮನ ಹಾಳಾಗ್ತದ, ದಾರ ಕೊಡ್ರಿ ಇಲ್ಲಿ."

ಅಶ್ವಿನಿ ಬೇಡ ಬೇಡ ಎನ್ನುತ್ತಿದ್ದರೂ ಗೋಡೆಗೆ ಒರಗಿ ಕುಳಿತು ಹೆಬ್ಬೆರಳಿಗೆ ದಾರ ಬಿಗಿದು ಮಾಲೆ ಕಟ್ಟಿದಳು. ಮರುದಿನ ಬೆಳಿಗ್ಗೆ ಅದು ಬಸ್ ನಿಲ್ದಾಣದ ಅಂಗಡಿಯಲ್ಲಿ ಯಾರದೋ ತಾಯಿಯ ಹೆಣಕ್ಕೆ ಹೋಯಿತು. ಅದರ ಮರುದಿನವೂ ಹಾಗೇ. ತನಗೆಂದು ತಂದ ಹೂವನ್ನು ತಾನೇ ಕಟ್ಟುವಳು, ತಾನು ಸಾಯಲಿಲ್ಲವೆಂದು ಇನ್ನೊಬ್ಬರ ಹೆಣಕ್ಕೆ ಕಳಿಸುವಳು. ಆ ಬೇಸಿಗೆಯಲ್ಲಿ ಮಸ್ಕಿಯಲ್ಲಿ ಸತ್ತವರು ಪುಣ್ಯವಂತರು. ಮದುಮಕ್ಕಳಿಗೂ ಸಿಗದಂಥ ಮಾಲೆ ಹಾಕಿಕೊಂಡು ಹೋದರು.

ಆದರೆ ಊರಿನ ಬಾಯಿಗೆ ಬಾಗಿಲಿಲ್ಲ. ಹೆಂಡತಿ ಉಸಿರಾಡುವಾಗಲೇ ಹೆಣದ ಹೂವು ತಂದಿಟ್ಟಿದ್ದಾನಂತೆ ಎಂದು ಮೊದಲು ಬಾವಿಕಟ್ಟೆಯಲ್ಲಿ, ಆಮೇಲೆ ಚಹಾದ ಅಂಗಡಿಯಲ್ಲಿ ಮಾತಾಯಿತು. ಅದು ತಿರುಗಿ ಅಶ್ವಿನಿಯ ಕಿವಿಗೆ ಬಿತ್ತು. ಅವಳು ಅಪ್ಪನನ್ನು ಅಂಗಳಕ್ಕೆ ಕರೆದು ಬಡಿದೇ ಬಿಟ್ಟಳು, ಮಾತಿನಲ್ಲಿ.

"ಅವ್ವನ ಮಂಚದ ಕೆಳಗ ಆಕಿ ಹೆಣದ ಹೂವ ಇಡ್ತೀಯಲ್ಲಪ್ಪಾ, ನಿನಗ ಕರಳು ಅದನೋ ಇಲ್ಲೋ? ದಿನಾ ಮುಂಜಾನಿ ಊರ ಬಿಟ್ಟ ಹೋಗ್ತಿ. ಆಕಿ ಕಣ್ಣ ತಗದ ಕೂಡ್ಲೇ ನಿನ್ನ ಹುಡಕ್ತಾಳ. ಹೂವ ಯಾರ್ ಕೇಳ್ಯಾರ?"

"ಆಕೀನ ಕೇಳ್ಯಾಳವ್ವ."

"ಒಂದ ಸಲ ಕೇಳಿದ್ಲು. ನೀ ಅದನ್ನೇ ಹಿಡಕೊಂಡು ಕುಂತೀದಿ."

ಮಗಳ ಮಾತು ಅವನಿಗೆ ನಾಟಲಿಲ್ಲ. ಅತ್ತೆಯ ಕೊರಳಿನ ಪನ್ನೀರು ಅವನ ತಲೆಯಲ್ಲಿ ಕೂತಿತ್ತು. ಕಿವಿ ಅದಕ್ಕೇ ಕಿವುಡಾಗಿತ್ತು.

ಜ್ಯೇಷ್ಠ ಮಾಸ ಬರುವ ಹೊತ್ತಿಗೆ ಗಂಗವ್ವನ ಕಾಲಿಗೆ ಬಾವು ಬಂತು, ಬಾಯಿಗೆ ನೀರು ಬಿಟ್ಟರೆ ಕಟವಾಯಿಂದ ಹೊರಗೆ ಬಂತು. ನೋಡಿದವರು ಇವತ್ತೋ ನಾಳೆಯೋ ಅಂದರು. ಒಂದು ಸಂಜೆ ಅವಳು ಕಟ್ಟಲು ಕುಳಿತ ಮಾಲೆ ಮೊಳದಷ್ಟಾಗುವುದರಲ್ಲಿ ಕೈ ಸೋತು ನಿಂತಿತು. ಅಶ್ವಿನಿ ಅದನ್ನು ದಾರದ ಸಮೇತ ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಸಂಗನಬಸವನಿಗೆ ಹೊಸದೊಂದು ಸಂಶಯ ಹುಟ್ಟಿತು. ಸಿಂಧನೂರಿನ ಬಜಾರಿಗೆ ಬರುವ ಹೂವು ಎಲ್ಲಿಂದಲೋ ರಾತ್ರಿ ಗಾಡಿಯಲ್ಲಿ ಬರುವುದು. ಅದನ್ನು ಹೊಸದೆಂದು ಹೇಗೆ ಹೇಳುವುದು? ಊರೆಲ್ಲ ಒಪ್ಪೀತು, ಗಂಗವ್ವನ ಮೂಗು ಒಪ್ಪುತ್ತದೆಯೇ? ಸಂತೆಕಲ್ಲೂರಿನ ಹುಸೇನಪ್ಪ ಬೋರಿನ ನೀರಿಗೆ ಒಂದು ಪಟ್ಟಿ ಮಲ್ಲಿಗೆ ಹಾಕಿದ್ದಾನೆ, ಗಿಡದಿಂದಲೇ ಕಿತ್ತು ತರುತ್ತೇನೆ ಎಂದು ಖಾಲಿ ಬುಟ್ಟಿ ಹಿಡಿದು ಹೊರಟ.

"ಇವತ್ತ ಹೋಗಬ್ಯಾಡ್ರಿ," ಗಂಗವ್ವನ ದನಿ ಗಂಟಲಲ್ಲೇ ಇತ್ತು. "ಇಲ್ಲೇ ಕುಂಡ್ರಿ."

"ಹೋದೆ, ಬಂದೆ. ಜಲ್ದೀನ ಬರ್ತೀನಿ."

ತನಗೆ ತ್ರಾಸಾಗಬಾರದೆಂದು ಹಾಗೆ ಅನ್ನುತ್ತಾಳೆ ಎಂದುಕೊಂಡ. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡಸು, ಮೊಗ್ಗು ನೋಡಿ ಅರಳುವ ಹೊತ್ತು ಹೇಳುವವನು, ಹೆಂಡತಿಯ ಮಾತು ಇದ್ದಂತೆ ಕೇಳಿಸಿಕೊಳ್ಳಲಾರದೆ ಹೋದ. ಇದನ್ನು ಬರೆಯುವಾಗ ನನಗೆ ಅವನ ಮೇಲೆ ಸಿಟ್ಟೇ ಬರುತ್ತದೆ.

ಹುಸೇನಪ್ಪ ಹೊಲದ ಬದುವಿನಲ್ಲಿ ಸಿಕ್ಕ. ಜೋಳದ ಕೂಳೆಯ ನಡುವೆ ಆ ಒಂದು ಪಟ್ಟಿ ಮಾತ್ರ ಹಸಿರಾಗಿತ್ತು.

"ಬಿರಿದ ಮೊಗ್ಗ ಅದಾವು, ನಿನ್ನೀವು. ಘಮ ಘಮ ಅಂತಾವು. ಕೊಡಲೇನ್ರಿ ಹೂಗಾರ್ರ?" ಅಂದ ಹುಸೇನಪ್ಪ.

"ನಿನ್ನೀವು ಬ್ಯಾಡ. ಈಗ ಕಿತ್ತದ್ದೇ ಬೇಕು."

"ಯಾವ ಹೊತ್ತಿಗ್ರಿ?"

ಅಪ್ಪ ಪಂಪಾಪತಿ ಕೇಳಿಕೋ ಅಂದದ್ದು ಇದೇ ಮಾತನ್ನು. ಯಾವ ಹೊತ್ತಿಗೆ ಎಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಸಂಗನಬಸವ ತಾನೇ ಸಾಲಿನೊಳಗೆ ಇಳಿದು, ಬಾಳಿಕೆ ಬರಲೆಂದು ಬಿಗಿ ಬಿಗಿ ಮೊಗ್ಗನ್ನೇ ಆರಿಸಿ ಕಿತ್ತ. ಒಂದೂ ಕಲೆಯಿಲ್ಲ, ಒಂದೂ ಹುಳುವಿಲ್ಲ. ಜನ್ಮದಲ್ಲಿ ಅಂಥ ಆಯ್ಕೆ ಮಾಡಿರಲಿಲ್ಲ.

ಶೇರ್ ಆಟೋ ತುಂಬುವತನಕ ಕಾದು ಕೂತ. ಆಟೋ ಹೊರಟ ಮೇಲೆ ಬಿಸಿ ಗಾಳಿ ಒಳಗೆ ನುಗ್ಗಿತು. ಎರಡೂ ಕೈಯಲ್ಲಿ ಒದ್ದೆ ಅರಿವೆಯನ್ನು ಬುಟ್ಟಿಯ ಮೇಲೆ ಒತ್ತಿ ಹಿಡಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಮದುವೆಯ ಹಂಗಾಮು, ಯಾರೋ ಮಾಲೆ ಕೇಳುತ್ತಿರಬೇಕು. ಕೈ ತೆಗೆದರೆ ಗಾಳಿಗೆ ಮೊಗ್ಗು ಒಣಗುತ್ತದೆ ಎಂದು ಬಡಿದುಕೊಳ್ಳಲು ಬಿಟ್ಟ.

ಮಸ್ಕಿಯಲ್ಲಿ ಇಳಿದಾಗ ಬೇವಿನ ಮರದ ಕೆಳಗೆ ಬಿಬಿಜಾನ್ ಇರಲಿಲ್ಲ. ಕಟ್ಟುತ್ತಿದ್ದ ಸೆಹರಾ ಹಾಗೇ ಬಿದ್ದಿತ್ತು. ಜ್ವರ ಬಂದರೂ ಜಾಗ ಬಿಟ್ಟೇಳದ ಹೆಂಗಸು. ಅವನು ಬುಟ್ಟಿಯನ್ನು ಎದೆಗೊತ್ತಿಕೊಂಡು ಮನೆಯ ಕಡೆ ಓಡಿದ.

ಮನೆಯ ಮುಂದೆ ಚಪ್ಪಲಿಗಳ ರಾಶಿ ಇತ್ತು. ಒಳಗೆ ಗಂಗವ್ವ ಗೋಡೆಗೆ ಒರಗಿದ್ದಳು, ಬಾಯಿ ಅರೆ ತೆರೆದಿತ್ತು. ಕಾಲಿನ ಹೆಬ್ಬೆರಳಿಗೆ ದಾರದ ಗಂಟು. ಅಶ್ವಿನಿ ಬಗ್ಗಿ ಆ ದಾರವನ್ನು ಹಲ್ಲಿನಿಂದ ಕತ್ತರಿಸುತ್ತಿದ್ದಳು. ಅಪ್ಪನನ್ನು ನೋಡಿ ಎದ್ದು ನಿಂತಳು. ಅಳಲಿಲ್ಲ.

"ನೀ ಹೋದ ಮ್ಯಾಲ ನಿನ್ನೀ ಮಾಲಿ ಕೊಡು ಅಂದ್ಲು. ಅವರು ಬರೂದ್ರಾಗ ಮುಗಸ್ತೀನಿ ಅಂತ ಕಟ್ಟಾಕತ್ತಿದ್ಲು. ಇನ್ನಾ ಬಂದಿಲ್ಲೇನು ಅಂತ ಕೇಳಿದ್ಲು. ಹೂವಿಗೆ ಹೋಗ್ಯಾನ ಅಂದೆ. ಮತ್ತೊಮ್ಮೆ ಕೇಳಿದ್ಲು. ಆಮ್ಯಾಲ ಕೇಳಲಿಲ್ಲ."

ಸಂಗನಬಸವ ಕೈಯಲ್ಲಿದ್ದ ಬುಟ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಕೊನೆಗೆ ಬಿಬಿಜಾನ್ ಬಂದು ಇಸಿದುಕೊಂಡಳು.

ಮುತ್ತೈದೆ ಸಾವು. ಹಸಿರು ಸೀರೆ ಉಡಿಸಿದರು, ಉಡಿ ತುಂಬಿದರು, ಹಣೆಗೆ ವಿಭೂತಿ ಬಳಿದು ಪಡಸಾಲೆಯಲ್ಲಿ ಕೂಡಿಸಿದರು. ಬಿಬಿಜಾನ್ ಓಣಿಯ ಹೆಂಗಸರನ್ನು ಸುತ್ತ ಕೂಡಿಸಿಕೊಂಡು ಹೊಸ ಮೊಗ್ಗಿನ ಮಾಲೆ ಕಟ್ಟಿದಳು. ಕಟ್ಟಿ ಮುಗಿದದ್ದನ್ನು ಎತ್ತಿ ಹಿಡಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಮೊಗ್ಗುಗಳು ಅಕ್ಕಿಕಾಳಿನ ಹಾಗೆ ಗಟ್ಟಿಯಾಗಿದ್ದವು. ಒಂದಾದರೂ ಬಾಯಿ ಬಿಟ್ಟಿರಲಿಲ್ಲ. ವಾಸನೆ ಎಂಬುದೇ ಇರಲಿಲ್ಲ.

ಬಿಬಿಜಾನ್ ಮಂಚದ ಬಳಿ ಬಿದ್ದಿದ್ದ, ಗಂಗವ್ವ ಕಟ್ಟಿದ ಅರೆಮಾಲೆಯನ್ನು ಎತ್ತಿಕೊಂಡು ಬಂದಳು. ರಾತ್ರಿ ಅರಳಿದ ಮಲ್ಲಿಗೆ, ಇನ್ನೂ ಬೆಳ್ಳಗೆ ಇತ್ತು, ಹಿಡಿದವಳ ಕೈಯೇ ಘಮಘಮಿಸುತ್ತಿತ್ತು.

"ಸಂಗಣ್ಣ, ಇದನ್ನ ಹಾಕು. ಆಕೀನ ಕಟ್ಟಿದ್ದು. ಜರಾ ಗಿಡ್ಡ ಆಗ್ಯಾದ, ನಾ ಜೋಡಸಿ ಕೊಡ್ತೀನಿ."

"ಅದು ನಿನ್ನೀದು."

"ನಿನ್ನೀದಾದ್ರ ಏನಾತು? ಹೂವ ಛಲೋ ಅದ. ಮೂಸಿ ನೋಡು."

"ಮಾತ ಕೊಟ್ಟೀನಿ ಬೀಬಿ! ನಿನ್ನೀದು ಹಾಕೂದಿಲ್ಲ ಅಂತ ಆಕಿಗೆ ಮಾತ ಕೊಟ್ಟೀನಿ!" ಎಂದು ಅವನು ಕೂಗಿದ ರಭಸಕ್ಕೆ ಭಜನೆಯವರು ತಾಳ ನಿಲ್ಲಿಸಿದರು. ಬಿಬಿಜಾನ್ ಅರೆಮಾಲೆಯನ್ನು ತಂದಲ್ಲೇ ಇಟ್ಟಳು.

ಬಿಸಿಲು ಇಳಿಯುವ ಮೊದಲೇ ಕ್ರಿಯೆ ಮಾಡಿಸುವ ಅಯ್ಯನವರು ಅವಸರ ಮಾಡಿದರು. ಸಂಗನಬಸವ ಅವರ ಕಾಲು ಹಿಡಿದ. ದೀಪ ಹಚ್ಚುವವರೆಗೆ ತಡೆಯಿರಿ, ಹೂವು ಅರಳಲಿ ಅಂದ. ಹಿರಿಯರು ಅವನನ್ನು ಎಬ್ಬಿಸಿ, ಈ ಝಳದಲ್ಲಿ ಹೊಟ್ಟೆಯ ರೋಗದ ಹೆಣ ತಡೆಯುವುದಿಲ್ಲಪ್ಪಾ, ನಿನಗೆ ನಾವು ಹೇಳಬೇಕೇ ಅಂದರು. ನಿಜ, ಅವನಿಗೆ ಹೇಳಬೇಕಾಗಿರಲಿಲ್ಲ. ಊರಿನ ಹೂವನ್ನೆಲ್ಲ ತಾಳಿಸಿಕೊಂಡು ಬಂದವನ ಕೈಯಲ್ಲಿ ಇವಳೊಬ್ಬಳನ್ನು ದೀಪದ ಹೊತ್ತಿನವರೆಗೆ ಉಳಿಸಿಕೊಳ್ಳಲು ಆಗಲಿಲ್ಲ.

ವಿಮಾನಕ್ಕೆ ಹೂವು ಹೊದಿಸಿದವನು ಅವನೇ. ಬೇರೆಯವರ ಕೈಗೆ ಕೊಡಲಿಲ್ಲ. ಗಂಗವ್ವ ಬಾಯಿಬಿಡದ ಮೊಗ್ಗಿನ ಮಾಲೆ ಹಾಕಿಕೊಂಡು ಊರ ನಡುವೆ ಹೋದಳು. ಕುಣಿಯ ಹತ್ತಿರ ಇಳಿಸಿದಾಗ ಲಿಂಗಸುಗೂರಿನಿಂದ ಬಂದ ಬೀಗರ ಪೈಕಿ ಒಬ್ಬ, ಒಳ್ಳೆಯ ಮನುಷ್ಯ, ಹೂವಿಗೆ ವಾಸನೆಯಿಲ್ಲದ್ದನ್ನು ಕಂಡು ಮರುಗಿ, ಚೀಲದಿಂದ ಪನ್ನೀರಿನ ಬಾಟ್ಲಿ ತೆಗೆದು ಮಾಲೆಯ ಮೇಲೆ ಬಗ್ಗಿಸಿದ.

ಸಂಗನಬಸವ ಹಾರಿ ಅವನ ಕೈ ಹಿಡಿದ. "ಬ್ಯಾಡ! ಅದೊಂದು ಬ್ಯಾಡೋ ಯಪ್ಪಾ!" ಬಾಟ್ಲಿ ಕಲ್ಲಿಗೆ ಬಿದ್ದು ಒಡೆಯಿತು. ಪನ್ನೀರು ಮಣ್ಣಿಗೆ ಚೆಲ್ಲಿ ಸುತ್ತ ನಿಂತವರ ಮೂಗಿಗೆಲ್ಲ ಬಡಿಯಿತು. ವೀರಭದ್ರಮ್ಮನನ್ನು ಮಣ್ಣು ಮಾಡಿದ ದಿನದ ವಾಸನೆ ಅದೇ. ಹೆಂಡತಿ ಹೋದ ದುಃಖಕ್ಕೆ ಹುಚ್ಚು ಹಿಡಿದಿದೆ ಎಂದು ಜನ ಅವನನ್ನು ಹಿಂದಕ್ಕೆ ಎಳೆದುಕೊಂಡರು. ವಿಭೂತಿ, ಪತ್ರಿ, ಉಪ್ಪು, ಮಣ್ಣು ಒಂದರ ಮೇಲೊಂದು ಬಿದ್ದವು.

ಮನೆಗೆ ಬಂದು ಅಶ್ವಿನಿ ದೀಪ ಹಚ್ಚಿದಳು. ಕಟ್ಟದೆ ಉಳಿದ ಎರಡು ಬೊಗಸೆ ಮೊಗ್ಗನ್ನು ಬಿಬಿಜಾನ್ ಬುಟ್ಟಿಯ ಸಮೇತ ಮಂಚದ ಕೆಳಗೆ ಸರಿಸಿದ್ದಳು. ಸ್ವಲ್ಪ ಹೊತ್ತಿಗೆ ಅವು ಒಂದೊಂದಾಗಿ ಬಿರಿದವು. ಮನೆ ತುಂಬ ಮಲ್ಲಿಗೆ. ಮೊದಲ ದಿನ ಗಂಗವ್ವ ಕಣ್ಣು ಬಿಟ್ಟು ನಕ್ಕಾಗಿನ ವಾಸನೆ.

"ಹೊರಗ ಒಗದ ಬಾರಪ್ಪಾ ಅದನ್ನ," ಅಶ್ವಿನಿ ಆಗ ಅತ್ತಳು, ದಿನವಿಡೀ ಅಳದವಳು. "ನನಗ ತಡಿಯಾಕ ಆಗವಲ್ದು."

ಅವನು ಮಂಚದ ಕೆಳಗೆ ಬಗ್ಗಿ ಬುಟ್ಟಿ ಎಳೆದ. ಬುಟ್ಟಿಯ ಜೊತೆ ಅರೆಮಾಲೆಯೂ ಬಂತು. ಹಗಲಿನ ಕಾರ್ಯಕ್ಕೆ ಹಿಂದಿನ ಸಂಜೆ ಅರಳಿದ್ದನ್ನೇ ಕೊಡಬೇಕು. ಅಪ್ಪನ ಮಾತು ಈಗ ನೆನಪಾಯಿತು. ಅವಳು ಬೇಡ ಅಂದದ್ದು ಕೊಳೆತದ್ದನ್ನು, ನಿನ್ನೆಯದನ್ನಲ್ಲ. ಬೇಕು ಅಂದದ್ದು ಹೂವನ್ನೂ ಅಲ್ಲವೇನೋ. ಇಲ್ಲೇ ಕುಂಡ್ರಿ ಅಂದಿದ್ದಳು, ಅಷ್ಟೇ ಅಂದಿದ್ದಳು. ಅವನು ಆ ಮೊಳದುದ್ದದ ಮಾಲೆಯನ್ನು ಮುಖಕ್ಕೆ ಒತ್ತಿಕೊಂಡು ನೆಲದ ಮೇಲೆ ಮಲಗಿ ದನದ ಹಾಗೆ ಅತ್ತ.

ದಿನಕರ್ಮ ಮುಗಿದ ಮೇಲೆ ಸಂಗನಬಸವ ಮತ್ತೆ ಬೇವಿನ ಮರದ ಕೆಳಗೆ ಬಂದು ಕುಳಿತ. ಈಗಲೂ ಅಲ್ಲೇ ಕೂಡುತ್ತಾನೆ. ಆರಿಸಿ ತರುತ್ತಾನೆ, ಬಿಬಿಜಾನ್ ಕಟ್ಟಿಕೊಡುತ್ತಾಳೆ. ಹೆಣಕ್ಕೆ ಉಳಿದದ್ದು ಕೊಡುವುದನ್ನು ಬಿಟ್ಟಿದ್ದಾನೆ. ಅಂಗಡಿಯಲ್ಲಿ ಪನ್ನೀರು ಇಡುವುದಿಲ್ಲ. ಮಾವಿನ ಬಂಡಿಯವನು ಬಂದು ನಿಂತರೂ ಜಗಳ ತೆಗೆಯುವುದಿಲ್ಲ, ಬುಟ್ಟಿಯನ್ನು ತಾನೇ ಆಚೆ ಸರಿಸುತ್ತಾನೆ.

ಮೊನ್ನೆ ಒಬ್ಬ ಮಧ್ಯವಯಸ್ಸಿನವನು ಬೈಕು ನಿಲ್ಲಿಸಿ ಬಂದ. ಮುಖ ಬಾಡಿತ್ತು.

"ಹೂಗಾರ್ರ, ದೊಡ್ಡ ಹಾರ ಒಂದು, ವಿಮಾನಕ್ಕ ಹೂವ. ಛಲೋದು ಆರಿಸಿ ಇಡ್ರಿ. ನಮ್ಮಪ್ಪಗ."

"ಎಷ್ಟೊತ್ತಿಗೆ ಹೋದ್ರು?"

"ಇನ್ನಾ ಹೋಗಿಲ್ರಿ. ಉಸಿರ ಆಡಾಕತ್ಯಾದ. ಸಂಜಿತನಕ ತಡಿಯೂದಿಲ್ಲ ಅಂದಾರ. ಅದಕ್ಕ ಮೊದಲಽ ಹೇಳಿ ಹೋಗೂಣು ಅಂತ—"

ಸಂಗನಬಸವ ಕೂತಲ್ಲಿಂದ ಎದ್ದ. ಬಿಬಿಜಾನ್ ದಾರ ಬಿಟ್ಟು ತಲೆಯೆತ್ತಿ ನೋಡಿದಳು. ಅವನು ಆ ಮನುಷ್ಯನ ರಟ್ಟೆ ಹಿಡಿದು ಬೈಕಿನ ಕಡೆ ನೂಕಿದ.

"ಉಸಿರ ಅದ ಅಂತಿ, ಇಲ್ಲ್ಯಾಕ ನಿಂತೀದಿ? ಹೂವ ನಾ ನೋಡ್ಕೋತೀನಿ. ನೀ ಹೋಗು. ಹೋಗಿ ಬಾಜೂಕ ಕುಂಡ್ರು, ಹೋಗಲೇ!"

ಬೈಕು ತಿರುವಿನಲ್ಲಿ ಮರೆಯಾಗುವವರೆಗೆ ಅವನು ರಸ್ತೆಯಲ್ಲೇ ನಿಂತಿದ್ದ. ಆಮೇಲೆ ಬಂದು ಕುಳಿತು, ನಿನ್ನೆ ಸಂಜೆ ಅರಳಿದ ಮಲ್ಲಿಗೆಯ ಬುಟ್ಟಿ ತೆರೆದು ಆರಿಸತೊಡಗಿದ.